ರೈಲಿನ ಮೇಲೆ ಹೊಡೆದಾಟವಿಲ್ಲ

ಬ್ಯಾಡಗಿಯಲ್ಲಿ ಉಡಚಪ್ಪನ ದನಿ ಕೇಳದವರು ಇರಲಿಕ್ಕಿಲ್ಲ. ಮುಖ ಗುರುತಿದ್ದವರು ಕಡಿಮೆ. ಅವನು ಸತ್ತಾಗ ಮಣ್ಣಿಗೆ ಬಂದಿದ್ದವರಲ್ಲಿ ಒಬ್ಬರು ನನ್ನನ್ನು ಬದಿಗೆ ಕರೆದು, "ಮೈಕಿನ ಉಡಚಪ್ಪ ಅಂದ್ರ ಇವರ ಏನ್ರಿ?" ಎಂದು ಕೇಳಿದರು. ಹೌದೆಂದೆ. ಅವರು ಇನ್ನೊಮ್ಮೆ ಮುಖ ನೋಡಿ ಬರಲು ಒಳಗೆ ಹೋದರು.

ಎರಡು ತಿಂಗಳಾಯಿತು. ಅವನ ಬಗ್ಗೆ ಬರೆಯಲು ಕೂತಾಗಲೆಲ್ಲ ದಣಿವು ಬಂದು ಎದ್ದುಬಿಟ್ಟಿದ್ದೇನೆ. ಎಲ್ಲವನ್ನೂ ಬರೆಯುವ ಶಕ್ತಿ ಈಗಿಲ್ಲ. ಒಂದೇ ಸಂಗತಿ ಬರೆಯುತ್ತೇನೆ. ಅವನು ಸುಳ್ಳು ಹೇಳಿ ಒಂದು ಒಳ್ಳೆಯ ಚಿತ್ರವನ್ನು ಕೆಡಿಸಿದ್ದ. ನಿಜ ಹೇಳಿ ಅದನ್ನು, ನನ್ನಂಥ ಗೆಳೆಯರನ್ನು ಬಿಟ್ಟು, ಒಬ್ಬರಿಗಾದರೂ ಕೊನೆಯವರೆಗೆ ತೋರಿಸಬೇಕು ಎಂದು ಮೂವತ್ತಮೂರು ವರ್ಷ ಕಾದ.

ನಮ್ಮೂರ ಟಾಕೀಸಿನಲ್ಲಿ ಅವನದು ಪ್ರಚಾರದ ಕೆಲಸ. ಟಾಂಗಾದ ಎರಡೂ ಬದಿಗೆ ಪೋಸ್ಟರು ಕಟ್ಟಿ, ಮುಂದೊಂದು ಹಿಂದೊಂದು ಮೈಕಿನ ಕಹಳೆ ಏರಿಸಿ, ಬ್ಯಾಟರಿಯನ್ನು ಕಾಲ ಬಳಿ ಇಟ್ಟುಕೊಂಡು ಹೊರಡುತ್ತಿದ್ದ. ಗುರುವಾರ ಅವನ ದೊಡ್ಡ ದಿನ. ಅಂದು ಮೆಣಸಿನಕಾಯಿ ಮಾರುಕಟ್ಟೆ. ವ್ಯಾಪಾರಸ್ಥರು ಟೆಂಡರಿನ ಚೀಟಿ ಹಾಕಿದ ಮೇಲೆ ದರ ಹೊರಬೀಳುವವರೆಗೆ ಸುತ್ತಲಿನ ಹಳ್ಳಿಗಳ ರೈತರಿಗೆ ಮಾಡಲು ಏನೂ ಇರುವುದಿಲ್ಲ. ಚೀಲಗಳ ನೆರಳಿನಲ್ಲಿ, ಘಾಟಿಗೆ ಕೆಮ್ಮುತ್ತ ಕೂತಿರುತ್ತಾರೆ. ಆ ಹೊತ್ತಿಗೆ ಸರಿಯಾಗಿ ಟಾಂಗಾ ಅವರ ನಡುವೆ ನಿಧಾನವಾಗಿ ಹಾಯುತ್ತಿತ್ತು. ಎಲ್ಲಿಗೂ ಹೋಗಲಾರದೆ ಕೂತವರಿಗೆ ಕೂಗಿ ಹೇಳುವುದು ಸುಲಭ ಎನ್ನುತ್ತಿದ್ದ.

ಕಷ್ಟ ಬೇರೆ ಇತ್ತು. ಚಿತ್ರದ ರೀಲಿನ ಪೆಟ್ಟಿಗೆ ಬರುತ್ತಿದ್ದದ್ದು ಶುಕ್ರವಾರ ಮುಂಜಾನೆ. ಕೂಗಬೇಕಾದದ್ದು ಗುರುವಾರ. ಚಿತ್ರವನ್ನು ಟಾಕೀಸಿನಲ್ಲಿ ಯಾರೂ ನೋಡಿರುತ್ತಿರಲಿಲ್ಲ. ಪೋಸ್ಟರು ನೋಡಿ ಅವನೇ ಕಥೆ ಕಟ್ಟಬೇಕು. ನಾಯಿ ಕಂಡರೆ ಸಾಹಸಿ ನಾಯಿ, ಮದುವೆಯ ಚಪ್ಪರ ಕಂಡರೆ ಕಣ್ಣೀರಿನ ಕೋಡಿ. ಜನರೂ ಅದರಲ್ಲಿ ಅರ್ಧ ಕಳೆದೇ ಕೇಳುತ್ತಿದ್ದರು. ಯಾರಿಗೂ ನಷ್ಟವಾಗುತ್ತಿರಲಿಲ್ಲ.

ತೊಂಬತ್ತೊಂದರಲ್ಲಿ ಒಂದು ಗುರುವಾರ ಮಾಲಕರು ಅವನನ್ನು ಕರೆದು ಒಂದು ಪೋಸ್ಟರು ಬಿಚ್ಚಿ ತೋರಿಸಿದರು. ರೈಲು ಗೇಟಿನ ಪಕ್ಕ ಒಬ್ಬ ಹೆಂಗಸು ಹಸಿರು ನಿಶಾನೆ ಹಿಡಿದು ನಿಂತಿದ್ದಾಳೆ. ದೂರದಲ್ಲಿ ಬೆರಳಿನಷ್ಟು ರೈಲು. ಚಿತ್ರದ ಹೆಸರು 'ಗೇಟು ಹಾಕಿದೆ'. ಗುರುತಿನ ನಟರು ಒಬ್ಬರೂ ಇಲ್ಲ.

"ಇದನ್ನ ನೋಡಾಕ ಯಾರ್ ಬರ್ತಾರಲೇ ಉಡಚ್ಯಾ? ನಿಲ್ಲಿಸಿದ ಗಾಡಿ ಇದ್ದಂಗ ಐತಿ. ಏನರ ಖಾರ ಹಚ್ಚು" ಎಂದರು ಮಾಲಕರು.

ಅವನು ಹಚ್ಚಿದ. ಪೋಸ್ಟರಿನಲ್ಲಿ ಇದ್ದದ್ದು ರೈಲು ಒಂದೇ, ಆದ್ದರಿಂದ ಅದನ್ನೇ ಹಿಡಿದ. "ಹಾರುವ ರೈಲು! ರೈಲಿನ ಮೇಲೆ ಮೈ ನವಿರೇಳಿಸುವ ಹೊಡೆದಾಟ! ನಕ್ಕು ನಕ್ಕು ಹೊಟ್ಟೆ ಹುಣ್ಣಾಗಿಸುವ ಹಾಸ್ಯ! ನೋಡಲು ಮರೆಯದಿರಿ, ಮರೆತು ನಿರಾಶರಾಗದಿರಿ!" ಅವನ ದನಿ ಆಗ ಭಾರಿ ಇತ್ತು. ಶುಕ್ರವಾರ ಸಂಜೆಯ ಆಟಕ್ಕೆ ಹಳ್ಳಿಗಳಿಂದ ಟ್ರ್ಯಾಕ್ಟರಿಗೆ ಟ್ರೇಲರು ಕಟ್ಟಿಕೊಂಡು ಬಂದರು. ಟಾಕೀಸು ತುಂಬಿತು.

ಅರ್ಧ ತಾಸಿನಲ್ಲಿ ಸಿಳ್ಳೆ ಶುರುವಾಯಿತು. ಮಧ್ಯಂತರದ ಹೊತ್ತಿಗೆ ಪರದೆಗೆ ಎರಡು ಚಪ್ಪಲಿ ಬಿದ್ದಿದ್ದವು. ಆಮೇಲೆ ಜನ ಎದ್ದು ಹೊರಟರು. ಉಡಚಪ್ಪ ಹಿಂದಿನ ಬಾಗಿಲ ಪರದೆ ಹಿಡಿದು ನಿಂತಿದ್ದ. ಉಳಿದವರನ್ನು ಎಣಿಸಿದ, ಹನ್ನೊಂದು ಮಂದಿ. ಹೋಗುವುದೆಲ್ಲಿಗೆ ಎಂದು ತಿಳಿಯದೆ ತಾನೂ ಒಂದು ಕುರ್ಚಿಯಲ್ಲಿ ಕೂತು ಚಿತ್ರ ನೋಡಿದ.

ಕಥೆ ಇಷ್ಟೇ. ಊರಾಚೆಯ ಒಂದು ರೈಲು ಗೇಟು. ಗೇಟು ಕಾಯುವವನಿಗೆ ಲಕವಾ ಹೊಡೆದು ಕೈಕಾಲು ಬಿದ್ದುಹೋಗುತ್ತವೆ. ಕೆಲಸ ಹೋದರೆ ಮನೆಯೂ ಹೋಗುತ್ತದೆ ಎಂದು ಅವನ ಹೆಂಡತಿ ಯಾರಿಗೂ ಹೇಳದೆ ಗಂಡನ ಅಂಗಿ ತೊಟ್ಟು, ತಲೆಗೆ ವಸ್ತ್ರ ಸುತ್ತಿ ಗೇಟು ಹಾಕುತ್ತಾಳೆ, ತೆಗೆಯುತ್ತಾಳೆ. ಪ್ರತಿ ರೈಲಿನ ಹೊತ್ತನ್ನೂ ರಿಜಿಸ್ಟರಿನಲ್ಲಿ ಬರೆಯುತ್ತಾಳೆ. ಒಂದು ವರ್ಷ ಹೀಗೆ. ನಡುವೆ ಇಪ್ಪತ್ತು ನಿಮಿಷ ಯಾರೂ ಮಾತಾಡುವುದಿಲ್ಲ. ಅವಳು ಗಂಡನಿಗೆ ಸ್ನಾನ ಮಾಡಿಸುತ್ತಾಳೆ, ಓಡಿಹೋಗಿ ಗೇಟು ಹಾಕುತ್ತಾಳೆ, ಬಂದು ಅವನ ಮೈ ಒರೆಸುತ್ತಾಳೆ. ಕೊನೆಗೆ ತಪಾಸಣೆಗೆಂದು ಹಳಿಯ ಟ್ರಾಲಿಯ ಮೇಲೆ ರೈಲ್ವೆ ಸಾಹೇಬ ಬರುತ್ತಾನೆ.

ಮರುದಿನ ಸಂಜೆಯ ಬಸ್ಸಿಗೆ ಮಾಲಕರು ಪೆಟ್ಟಿಗೆ ವಾಪಸು ಕಳಿಸಿದರು. ರಾಣೇಬೆನ್ನೂರಿಗೂ ಹಾವೇರಿಗೂ ಅದೇ ಪೆಟ್ಟಿಗೆ ಹೋಗಬೇಕಿತ್ತು. ಬ್ಯಾಡಗಿಯಲ್ಲಿ ಚಪ್ಪಲಿ ಬಿತ್ತಂತೆ ಎಂಬ ಸುದ್ದಿ ಮುಟ್ಟಿ ಅವರೂ ಬೇಡವೆಂದರು. ಈ ಮೂರೂರಿನಲ್ಲಿ ಆ ಚಿತ್ರ ಮತ್ತೆ ಬರಲಿಲ್ಲ.

"ಜನ ಬೈದಿದ್ದು ಪಿಚ್ಚರ್‌ಗೆ ಅಲ್ಲೋ ಮಾಸ್ತರ. ನನ್ನ ಮಾತಿಗೆ ಬೈದ್ರು. ಏಟ ಅದಕ್ಕ ಬಿತ್ತು" ಎಂದು ಅವನು ನನಗೆ ಎಷ್ಟು ಸಲ ಹೇಳಿದ್ದಾನೋ. ನಾನು ಸಾಲಿ ಮಾಸ್ತರ, ಪುಸ್ತಕ ಓದುವವನು. ಸಿನೆಮಾದ ಬಗ್ಗೆ ಇಷ್ಟು ಹಚ್ಚಿಕೊಳ್ಳುವುದು ಮೊದಮೊದಲು ನನಗೆ ಹುಚ್ಚಾಟವೆನಿಸುತ್ತಿತ್ತು. ಹಾಗೆಂದು ಅವನೆದುರೇ ಅಂದಿದ್ದೆ ಕೂಡ. ಅವನೇನೂ ಸಿಟ್ಟಾಗಲಿಲ್ಲ. "ನೀ ಓದೋ ಪುಸ್ತಕಾನೂ ನಾಕ್ ಮಂದಿನ ಓದ್ತಾರ. ಯಾಕ ಓದ್ತಿ ಹೇಳು" ಎಂದ.

ಅಂದಿನಿಂದ ಅವನು ನೋಡದೆ ಯಾವ ಚಿತ್ರವನ್ನೂ ಕೂಗಲಿಲ್ಲ. ಹುಬ್ಬಳ್ಳಿಗೆ ಚಿತ್ರಗಳು ಮೊದಲು ಬರುತ್ತಿದ್ದವು. ಭಾನುವಾರ ತನ್ನ ಖರ್ಚಿನಲ್ಲಿ ರೈಲು ಹತ್ತಿ ಹೋಗಿ, ಒಂದೊಂದು ದಿನ ಎರಡು ಆಟ ನೋಡಿ ಬರುತ್ತಿದ್ದ. ಮೈಕಿನಲ್ಲಿ ಅವನ ಮಾತು ಬದಲಾಯಿತು. "ಮೊದಲರ್ಧ ಚೆನ್ನಾಗಿದೆ, ಉಳಿದರ್ಧ ಸ್ವಲ್ಪ ಜಗ್ಗುತ್ತದೆ, ಆದರೆ ತಾಯಿಯ ಪಾತ್ರ ಮಾಡಿದವರನ್ನು ತಪ್ಪದೆ ನೋಡಿ." ಮಾಲಕರು ಎರಡು ಸಲ ಕೆಲಸದಿಂದ ತೆಗೆದರು, ಎರಡು ಸಲವೂ ಕರೆಸಿಕೊಂಡರು. ಉಡಚಪ್ಪ ಹೇಳಿದ್ದಾನೆಂದರೆ ಇರುತ್ತದೆ ಎಂದು ಜನ ಬರತೊಡಗಿದ್ದರು. ಯಾರೂ ನೋಡದೆ ಬಿಟ್ಟ ಚಿತ್ರಗಳ ಮೇಲೆ ಅವನಿಗೆ ವಿಶೇಷ ಪ್ರೀತಿ. ಒಂದು ವಾರವೂ ಓಡದವು, ಪೋಸ್ಟರು ಒಣಗುವ ಮೊದಲೇ ಪೆಟ್ಟಿಗೆ ಕಟ್ಟಿಸಿಕೊಂಡು ಹೋದವು. ಅವುಗಳ ಹೆಸರು, ಯಾರು ಏನು ಮಾಡಿದ್ದರು, ಯಾವ ದೃಶ್ಯ, ಎಲ್ಲ ಬಾಯಲ್ಲಿ.

ಟಾಕೀಸು ಮುಚ್ಚಿ ಗೋದಾಮಾಯಿತು. ಉಡಚಪ್ಪ ಆಟೋದಲ್ಲಿ ಕೂತು ನಾಳೆ ನೀರು ಬಿಡುವುದಿಲ್ಲ, ಮಕ್ಕಳಿಗೆ ಪೋಲಿಯೋ ಹನಿ ಹಾಕಿಸಿರಿ, ಇಂಥವರು ನಿಧನರಾದರು ಎಂದು ಕೂಗುತ್ತ ಹತ್ತಿಪ್ಪತ್ತು ವರ್ಷ ಕಳೆದ. ಅಷ್ಟರಲ್ಲಿ ಸಕ್ಕರೆ ಕಾಯಿಲೆ ಮೂತ್ರಪಿಂಡಕ್ಕೆ ಇಳಿಯಿತು. ಹಾವೇರಿಯ ದವಾಖಾನೆಯಲ್ಲಿ ವಾರಕ್ಕೆ ಮೂರು ದಿನ ಡಯಾಲಿಸಿಸ್. ಮಂಗಳವಾರ, ಗುರುವಾರ, ಶನಿವಾರ. ಅವನ ಹೆಂಡತಿ ಮೈಲವ್ವನಿಗೆ ಮೊಣಕಾಲು ನೋವು, ಬಸ್ಸು ಹತ್ತಲಾಗುತ್ತಿರಲಿಲ್ಲ. ಜೊತೆಗೆ ನಾನು ಹೋಗತೊಡಗಿದೆ. ಎರಡು ವರ್ಷ ಹೋದೆ. ಹೋಗುವುದು, ತೂಕ ಮಾಡಿಸುವುದು, ಸೂಜಿ ಚುಚ್ಚಿಸಿಕೊಂಡು ನಾಲ್ಕು ತಾಸು ಮಲಗುವುದು, ಹಿಂಡಿದ ಬಟ್ಟೆಯ ಹಾಗೆ ಎದ್ದು ಬರುವುದು. ಈ ದಣಿವಿನ ಬಗ್ಗೆ ಗೊತ್ತಿಲ್ಲದವರಿಗೆ ಹೇಳಿ ತಿಳಿಸಲಾಗುವುದಿಲ್ಲ. ಗೊತ್ತಿದ್ದವರಿಗೆ ಹೇಳುವ ಅಗತ್ಯವಿಲ್ಲ.

ಹೋದ ವರ್ಷ ಒಂದು ಮಂಗಳವಾರ ಬಸ್ಸಿನಲ್ಲಿ ಅವನು ಫೋನನ್ನು ನನ್ನ ಮುಖದ ಹತ್ತಿರ ತಂದು ಹಿಡಿದ. "ನೋಡು. ನೋಡು." ಪರದೆಯ ಮೇಲೆ ಗೇಟು, ಹೆಂಗಸು, ಹಸಿರು ನಿಶಾನೆ. ಆ ಚಿತ್ರ ಮಾಡಿದವರ ಮೊಮ್ಮಗ ಯಾರೋ ಹಳೆಯ ಕ್ಯಾಸೆಟ್ಟಿನಿಂದ ತೆಗೆದು ಯೂಟ್ಯೂಬಿಗೆ ಹಾಕಿದ್ದ. ಬಣ್ಣ ಮಾಸಿತ್ತು, ಅಂಚಿನಲ್ಲಿ ಗೆರೆ ಓಡುತ್ತಿತ್ತು. ನೋಡಿದವರು ಮುನ್ನೂರು ಚಿಲ್ಲರೆ. ರಾಣೇಬೆನ್ನೂರಿನ ಬೀಜದ ಕಂಪನಿಯಲ್ಲಿ ಕೆಲಸ ಮಾಡುವ ಅವನ ಮಗಳು ದುರ್ಗಾ ಅದನ್ನು ಇಳಿಸಿ ಪೆನ್‌ಡ್ರೈವಿಗೆ ಹಾಕಿ ಕೊಟ್ಟಳು. ಎಲ್ಲಿ ತೋರಿಸುತ್ತೀ ಎಂದು ಕೇಳಿದೆ. "ವಾರ್ಡಿನ್ಯಾಗ. ನಾಕ್ ತಾಸು ಯಾರೂ ಎದ್ದು ಹೋಗಂಗಿಲ್ಲ" ಎಂದ.

ವಾರ್ಡಿನಲ್ಲಿ ಆರು ಹಾಸಿಗೆ, ಗೋಡೆಗೊಂದು ಟಿ.ವಿ. ಜಗಳವಾಗಬಾರದೆಂದು ರೋಗಿಗಳೇ ರಿಮೋಟಿಗೆ ಪಾಳಿ ಮಾಡಿಕೊಂಡಿದ್ದರು. ಒಬ್ಬರಿಗೆ ಎರಡು ತಾಸು. ಒಂದು ದಿನಕ್ಕೆ ಇಬ್ಬರು. ಮೂರನೆಯ ಹಾಸಿಗೆ ಉಡಚಪ್ಪನದು, ನಾಲ್ಕನೆಯದು ಮೋಟೆಬೆನ್ನೂರಿನ ವಿರೂಪಾಕ್ಷಪ್ಪನದು. ಇಬ್ಬರದೂ ಒಂದೇ ದಿನ, ಗುರುವಾರ, ಬರುತ್ತಿತ್ತು. ಹನ್ನೆರಡೂವರೆಯಿಂದ ಎರಡೂವರೆಗೆ ಉಡಚಪ್ಪ, ಆಮೇಲೆ ವಿರೂಪಾಕ್ಷಪ್ಪ. ಚಿತ್ರ ಇದ್ದದ್ದು ಎರಡು ತಾಸು ಹತ್ತು ನಿಮಿಷ. ಸಾಹೇಬ ಟ್ರಾಲಿಯಿಂದ ಇಳಿದು ರಿಜಿಸ್ಟರು ತೆರೆಯುವ ಭಾಗ ಪೂರ್ತಿಯಾಗಿ ವಿರೂಪಾಕ್ಷಪ್ಪನ ಪಾಳಿಗೆ ಬೀಳುತ್ತಿತ್ತು.

"ಹಾಡೊಂದು ಓಡಿಸಿಬಿಡು, ಐದು ನಿಮಿಷ ಉಳೀತು" ಎಂದೆ ನಾನು.

"ಕತ್ತರಿಸಿ ತೋರಿಸಿದ್ರ ಮತ್ತ ಸುಳ್ಳ ಹೇಳಿದಂಗ ಆತಲ್ಲೋ ಮಾಸ್ತರ."

ಚಿತ್ರ ಹಾಕಬೇಕಾದ ಗುರುವಾರದ ಹಿಂದಿನ ಶನಿವಾರ ಎಲ್ಲರ ಸೂಜಿ ಚುಚ್ಚಿ ಆದ ಮೇಲೆ ಅವನು ದಿಂಬಿಗೆ ಒರಗಿ, ಸೂಜಿಯ ಕೈ ಅಲುಗಿಸದೆ, ಗಂಟಲು ಸರಿಮಾಡಿಕೊಂಡ. ಬಾಗಿಲಾಚೆ ನಿಂತಿದ್ದ ನನಗೂ ಕೇಳಿಸಿತು. ಆರು ವರ್ಷ ಆಗಿರಬೇಕು ಅವನ ಆ ದನಿ ನಾನು ಕೇಳದೆ.

"ಮಹನೀಯರೇ, ಮಹಿಳೆಯರೇ. ಬರುವ ಗುರುವಾರ ಮಧ್ಯಾಹ್ನ ಹನ್ನೆರಡೂವರೆಗೆ, ಇದೇ ವಾರ್ಡಿನಲ್ಲಿ, 'ಗೇಟು ಹಾಕಿದೆ' ಎಂಬ ಕನ್ನಡ ಚಿತ್ರ. ಈ ಚಿತ್ರದಲ್ಲಿ ರೈಲಿದೆ, ರೈಲಿನ ಮೇಲೆ ಹೊಡೆದಾಟವಿಲ್ಲ. ಹಾಸ್ಯವಿಲ್ಲ. ಹಾಡು ಒಂದೇ, ಅದೂ ಅಷ್ಟಕ್ಕಷ್ಟೆ. ನಡುವೆ ಇಪ್ಪತ್ತು ನಿಮಿಷ ಯಾರೂ ಮಾತಾಡುವುದಿಲ್ಲ. ಒಬ್ಬ ಹೆಣ್ಣುಮಗಳು ಗಂಡನ ಕೆಲಸ ಮಾಡುತ್ತಾಳೆ. ನಿದ್ದೆ ಬಂದವರು ಮಲಗಬಹುದು."

ಒಂದನೇ ಹಾಸಿಗೆಯ ಹಾಜಿರಾಬಿ, ಹಾವೇರಿಯಲ್ಲಿ ಬಳೆ ಅಂಗಡಿ ಇಟ್ಟವಳು, ನಕ್ಕುಬಿಟ್ಟಳು. "ಹಿಂಗ್ ಹೇಳಿದ್ರ ಯಾರ್ ನೋಡ್ತಾರ ಭಾಯಿ? ಬಳಿ ಒಡಕ ಅದಾವು ಬರ್ರಿ ತಗೋರಿ ಅಂದಂಗಾತು."

"ಒಡಕ ಇಲ್ಲವ್ವ. ಬಣ್ಣ ಇಲ್ಲ ಅಷ್ಟ."

ಆಗ ನಾಲ್ಕನೆಯ ಹಾಸಿಗೆಯಿಂದ ವಿರೂಪಾಕ್ಷಪ್ಪ ತಲೆ ಹೊರಳಿಸಿದ. ಎಂಟು ತಿಂಗಳು ಪಕ್ಕದಲ್ಲೇ ಮಲಗುತ್ತಿದ್ದ ಮನುಷ್ಯ. ಉಡಚಪ್ಪನನ್ನು ಅವನು ಯಾವಾಗಲೂ ಬಹುವಚನದಲ್ಲೇ ಮಾತಾಡಿಸುತ್ತಿದ್ದ.

"ನಿಮ್ಮೂರು ಬ್ಯಾಡಗಿ ಅಲ್ಲೇನ್ರಿ?"

"ಹೌದ್ರಿ."

"ಟಾಂಗಾದಾಗ ಕುಂತು ಒದರತಿದ್ದಾಂವ ನೀನ ಏನು?"

"ನಾನ" ಎಂದ ಉಡಚಪ್ಪ.

"ರೈಲಿನ ಮ್ಯಾಲ ಹೊಡೆದಾಟ ಅಂದಾಂವ ನೀನ!"

ಮಷೀನಿನ ಸದ್ದಿನ ಮೇಲೆ ಅವನ ದನಿ ಏರಿತು. ಮದುವೆಯಾಗಿ ಒಂದು ತಿಂಗಳಾಗಿತ್ತಂತೆ ಆಗ. ಗುರುವಾರ ಮಾರುಕಟ್ಟೆಯಲ್ಲಿ ಕೂತು ಕೂಗಿದ್ದನ್ನು ಕೇಳಿ, ಊರಿಗೆ ಹೋಗಿ ಓಣಿಯಲ್ಲೆಲ್ಲ ಹೇಳಿ, ತನ್ನ ಟ್ರೇಲರಿನಲ್ಲೇ ಎಲ್ಲರನ್ನೂ ಹೇರಿಕೊಂಡು, ಹೊಸ ಹೆಂಡತಿಯನ್ನೂ ಕರೆದುಕೊಂಡು ಬಂದಿದ್ದ. ಮಧ್ಯಂತರಕ್ಕೇ ಎಲ್ಲರೂ ಎದ್ದು ಬಂದು ಟ್ರೇಲರಿನಲ್ಲಿ ಕೂತು ದಾರಿಯುದ್ದಕ್ಕೂ ಅವನನ್ನು ಹಾಸ್ಯ ಮಾಡಿದ್ದರು.

"ಅವತ್ತ ಇಟ್ರು ನೋಡು ಹೆಸರು, ರೈಲ್ ವಿರೂಪಾಕ್ಷಿ ಅಂತ. ಇವತ್ತಿಗೂ ಊರಾಗ ಅದ ಹೆಸರು. ಗ್ರಾಮ ಪಂಚಾಯ್ತಿಗೆ ನಿಂತಾಗ ಗ್ವಾಡಿ ಮ್ಯಾಲ ರೈಲ್ ಬರದಿದ್ರು. ನನ್ನ ಮೊಮ್ಮಕ್ಕಳು ಕರೀತಾವು, ರೈಲಜ್ಜಾ ಅಂತ!"

ಹಾಜಿರಾಬಿ ಸೆರಗು ಬಾಯಿಗೆ ಒತ್ತಿಕೊಂಡಳು. ಸಿಸ್ಟರ್ ಅಂಜಲಿ ಓಡಿಬಂದು, "ಅಜ್ಜಾರ, ಬಿ.ಪಿ. ಏರ್ತೈತಿ, ಸುಮ್ನ ಮಕ್ಕೋರಿ" ಎಂದಳು.

"ತಪ್ಪಾಗೈತ್ರಿ ಯಜಮಾನ್ರ" ಎಂದ ಉಡಚಪ್ಪ.

"ತಪ್ಪಾಗೈತಿ ಅಂತ ನನಗೂ ಗೊತ್ತೈತಿ."

"ಅವತ್ತ ನೋಡದ ಕೂಗಿದ್ದೆ. ಇವತ್ತ ನೋಡಿ ಹೇಳಾಕತ್ತೇನಿ. ಕಡೀ ಹತ್ತು ನಿಮಿಷ ನಿಮ್ಮ ಪಾಳಿ ಒಳಗ ಬರ್ತೈತಿ. ಅಷ್ಟ ಬಿಟ್ಟುಕೊಡ್ರಿ. ಬೇಕಾದ್ರ ಮುಂದಿನ ಸಲ ನನ್ನ ಪಾಳಿ ಪೂರಾ ನೀವ ಇಟ್ಕೋರಿ."

"ಒಂದ ನಿಮಿಷ ಕೊಡಂಗಿಲ್ಲ" ಎಂದು ವಿರೂಪಾಕ್ಷಪ್ಪ ಗೋಡೆಗೆ ಮುಖ ಮಾಡಿದ.

ಗುರುವಾರ ಹನ್ನೆರಡೂವರೆಗೆ ಅಂಜಲಿ ಪೆನ್‌ಡ್ರೈವ್ ಹಾಕಿದಳು. ನಾನು ಬಾಗಿಲ ಕಿಟಕಿಯಿಂದ ನೋಡುತ್ತಿದ್ದೆ. ಜೊತೆಗೆ ಬಂದವರಿಗೆ ಒಳಗೆ ಬಿಡುತ್ತಿರಲಿಲ್ಲ. ಹೇಳಿದ್ದು ಹೇಳಿದ ಹಾಗೇ ಆಯಿತು. ಇಬ್ಬರು ಅರ್ಧ ತಾಸಿನಲ್ಲಿ ನಿದ್ದೆ ಹೋದರು. ಒಬ್ಬರು ಮೊಬೈಲು ನೋಡುತ್ತಿದ್ದರು. ಹಾಜಿರಾಬಿ ಮಾತ್ರ, ಚಿತ್ರದ ಹೆಂಗಸು ಗಂಡನಿಗೆ ಸ್ನಾನ ಮಾಡಿಸುವ ಭಾಗ ಬಂದಾಗ, ದಿಂಬು ಎತ್ತರಿಸಿಕೊಂಡು ಕೂತಳು. ಉಡಚಪ್ಪ ಟಿ.ವಿ. ನೋಡಲಿಲ್ಲ. ನೋಡುವವರ ಮುಖ ನೋಡುತ್ತಿದ್ದ.

ಎರಡೂವರೆಗೆ ಸಾಹೇಬ ಟ್ರಾಲಿಯಿಂದ ಇಳಿದ. ರಿಜಿಸ್ಟರು ಕೇಳಿದ. ತೆರೆದ. ವಿರೂಪಾಕ್ಷಪ್ಪ ಗೋಡೆಯ ಗಡಿಯಾರ ನೋಡಿ ಅಂಜಲಿಯ ಕಡೆ ಕೈ ಚಾಚಿದ. ಅವಳು ಉಡಚಪ್ಪನ ಮುಖ ನೋಡಿ, ಬೇರೆ ದಾರಿಯಿಲ್ಲದೆ ರಿಮೋಟು ಕೊಟ್ಟಳು. ಟಿ.ವಿ.ಯಲ್ಲಿ ಕಬಡ್ಡಿ ಬಂತು.

"ಯಾ ಅಲ್ಲಾ, ಎಂಥಾ ಮನಷ್ಯಾರೋ ನೀವು! ಪುಸ್ತಕ ತಗದಾನ, ಮುಂದೇನಾತು?" ಎಂದು ಹಾಜಿರಾಬಿ ಕೂಗಿದಳು.

"ನನ್ನ ಪಾಳಿ. ಶನಿವಾರನ ಹೇಳೀನಿ."

"ಇರ್ಲಿ ಬಿಡವ್ವಾ" ಎಂದ ಉಡಚಪ್ಪ. "ಅವರ ಪಾಳಿ ಖರೇನ ಐತಿ."

"ಹಂಗಾರ ನೀ ಬಾಯಿಲೆ ಹೇಳು ಭಾಯಿ, ಸಿಕ್ಕಳೇನು, ಇಲ್ಲೇನು?"

"ಅದನ್ನ ಮಾತ್ರ ಹೇಳಂಗಿಲ್ಲ. ಪೆನ್‌ಡ್ರೈವ್ ಕೊಡ್ತೇನಿ, ಮನ್ಯಾಗ ನೋಡು."

"ಮನ್ಯಾಗ ರಿಮೋಟ್ ಸೊಸಿ ಕೈಯಾಗ ಐತಿ. ಆಕೀ ಪಾಳಿ ಮುಗಿಯೂದ ಇಲ್ಲ" ಎಂದಳು ಹಾಜಿರಾಬಿ.

ನಾಲ್ಕೂವರೆಗೆ ಅವನು ಹೊರಗೆ ಬಂದ. ಮುಖದಲ್ಲಿ ರಕ್ತವಿರಲಿಲ್ಲ. ಕಾಲಿನ ಮೀನಖಂಡ ಹಿಡಿದುಕೊಂಡಿತ್ತು. ನಾನು ಬೆಂಚಿನಲ್ಲಿ ಕೂರಿಸಿ ಒತ್ತುತ್ತಿದ್ದೆ. ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ ವಿರೂಪಾಕ್ಷಪ್ಪನ ಹೆಂಡತಿ ಗದಿಗೆವ್ವ ಕೂತಿದ್ದಳು. ಎಂಟು ತಿಂಗಳಿಂದ ಹೀಗೇ ಕೂತು ಗಂಡನಿಗಾಗಿ ಕಾಯುವ ಹೆಂಗಸು. ನಮ್ಮೊಡನೆ 'ಚಾ ಆತೇನ್ರಿ' ಎಂಬುದಕ್ಕಿಂತ ಹೆಚ್ಚು ಮಾತಾಡಿದವಳಲ್ಲ. ವಿರೂಪಾಕ್ಷಪ್ಪ ಹೊರಬಂದವನೇ ಅವಳಿಗೆ ಗೆದ್ದವನ ಹಾಗೆ ಹೇಳಿದ:

"ಆ ಗೇಟಿನ ಪಿಚ್ಚರ್ ಇತ್ತಲ್ಲ, ಹೊಡೆದಾಟ ಅಂತ ಸುಳ್ಳ ಹೇಳಿದ್ದು? ಹೇಳಿದಾಂವ ಇಂವನ. ಇವತ್ತ ಹಾಕಿದ್ದ. ಕಡೀಕ ಬಂದ್ ಮಾಡೀನಿ ನೋಡು."

ಗದಿಗೆವ್ವ ಗಂಡನನ್ನು ನೋಡಿದಳು. "ಮತ್ತ ಬಂದ್ ಮಾಡಿದ್ರಿ?"

"ಮತ್ತ ಅಂದ್ರ?"

"ಅವತ್ತೂ ನೀವ ಎಬ್ಬಿಸಿಕೊಂಡ ಹೋದ್ರಿ. ನಾ ನೋಡಾಕತ್ತಿದ್ದೆ. ಕುಂದರ್ತೇನಿ ಅಂದೆ. ಮಂದ್ಯಾಗ ಕೈ ಹಿಡದು ಎಳದ್ರಿ. ಬಳಿ ಒಡೀತು."

ವಿರೂಪಾಕ್ಷಪ್ಪನಿಗೆ ಅದು ನೆನಪಿರಲಿಲ್ಲವೆಂದು ಮುಖದಿಂದಲೇ ತಿಳಿಯುತ್ತಿತ್ತು. ಅವನು ಏನೋ ಹೇಳಲು ಹೋಗಿ, ಬಸ್ಸಿಗೆ ಹೊತ್ತಾಯಿತು ಎಂದ. ಅವಳು ಏಳಲಿಲ್ಲ. ಉಡಚಪ್ಪನ ಕಡೆ ತಿರುಗಿದಳು.

"ಹ್ಯಾಂಗೈತ್ರಿ ಅಣ್ಣಾರ ಪಿಚ್ಚರು? ನನಗ ಗೇಟೊಂದು, ಆಕಿ ಗಂಡನ ಅಂಗಿ ಹಾಕ್ಕೊಂಡದ್ದೊಂದು ನೆಪ್ಪೈತಿ."

ಉಡಚಪ್ಪ ಅವಳಿಗೂ ವಾರ್ಡಿನಲ್ಲಿ ಹೇಳಿದ್ದನ್ನೇ ಹೇಳಿದ. ಹೊಡೆದಾಟವಿಲ್ಲ, ನಗುವಂಥದ್ದಿಲ್ಲ, ಹಾಡು ಸಾಧಾರಣ. ಇಪ್ಪತ್ತು ನಿಮಿಷ ಯಾರೂ ಮಾತಾಡುವುದಿಲ್ಲ, ಬೇಸರ ಬರಬಹುದು.

"ಇಲ್ಲಿ ಬೆಂಚಿನ ಮ್ಯಾಲ ನಾಕ್ ತಾಸು ಮಾತಾಡದ ಕುಂದರ್ತೇನಿ. ಇಪ್ಪತ್ತು ನಿಮಿಷದ್ದೇನ್ರಿ" ಎಂದಳು. "ಹಚ್ರಿ. ಮೊದಲಿಂದ ಹಚ್ರಿ."

ನಾನು ಅವನ ಭುಜ ಹಿಡಿದು, ಬೇಡ, ಮನೆಗೆ ಹೋಗೋಣ, ಅವರಿಗೆ ಫೋನಿಗೆ ಕಳಿಸಿಬಿಡು ಎಂದೆ. ಅವನು ನನ್ನನ್ನು ನೋಡಿದ ರೀತಿ ಇನ್ನೂ ಕಣ್ಣ ಮುಂದಿದೆ. ಬೇಡಿಕೊಳ್ಳುವ ಹಾಗಿತ್ತು.

"ಒಬ್ರು ಕೇಳ್ಯಾರೋ ಮಾಸ್ತರ. ತಾವ ಆಗಿ ಕೇಳ್ಯಾರ."

ಬೆಂಚಿನ ನಡುವೆ ಉಡಚಪ್ಪ, ಆ ಕಡೆ ಅವಳು, ಈ ಕಡೆ ನಾನು. ಫೋನನ್ನು ಅವನೇ ಹಿಡಿದಿದ್ದ. ಕೈ ಸೋತಾಗ ನಾನು ಹಿಡಿಯುತ್ತಿದ್ದೆ, ಸ್ವಲ್ಪ ಹೊತ್ತಿಗೆ ಮತ್ತೆ ತಾನೇ ತೆಗೆದುಕೊಳ್ಳುತ್ತಿದ್ದ. ವಿರೂಪಾಕ್ಷಪ್ಪ ದೂರದ ಇನ್ನೊಂದು ಬೆಂಚಿಗೆ ಹೋಗಿ ಬೆನ್ನು ಮಾಡಿ ಕೂತ. ಮೊದಲು ಒಂದು ಬಸ್ಸು ಹೋಯಿತೆಂದು ಕೂಗಿ ಹೇಳಿದ, ಆಮೇಲೆ ಎರಡನೆಯದೂ ಹೋಯಿತೆಂದ. ಔಷಧದ ಚೀಟಿ ಹಿಡಿದವರು, ಊಟದ ಡಬ್ಬಿ ತಂದವರು ನಮ್ಮ ಮುಂದೆ ಓಡಾಡುತ್ತಿದ್ದರು. ಚಿತ್ರದ ಮಾತುಗಳು ಅರ್ಧ ಕೇಳಿಸುತ್ತಿದ್ದವು, ಅರ್ಧ ಇಲ್ಲ. ಯಾರೂ ಮಾತಾಡದ ಇಪ್ಪತ್ತು ನಿಮಿಷದಲ್ಲಿ ಅದರಿಂದ ನಷ್ಟವಾಗಲಿಲ್ಲ. ಗದಿಗೆವ್ವ ಕಣ್ಣು ತೆಗೆಯದೆ ನೋಡಿದಳು. ನಡುವೆ ಒಮ್ಮೆ, "ಆ ಕೊಡ ತುಂಬಿ ಹರಿಯಾಕತ್ತೈತಿ, ಆಕಿಗೆ ಲಕ್ಷ್ಯ ಇಲ್ಲ" ಎಂದು ತನ್ನಷ್ಟಕ್ಕೆ ಅಂದಳು. ನಾನು ಆ ಚಿತ್ರವನ್ನು ಅವನೊಡನೆ ಮೂರು ಸಲ ನೋಡಿದ್ದೆ. ಕೊಡವನ್ನು ಗಮನಿಸಿರಲಿಲ್ಲ.

ಟ್ರಾಲಿ ಬಂದಾಗ ಅವಳು ಗಂಡನನ್ನು ಕರೆದಳು. "ಬರ್ರಿ ಇಲ್ಲೆ. ನೀವು ಮುಚ್ಚಿದ್ದು ಬಂತು."

ಏನೆನಿಸಿತೋ, ಅವನು ಎದ್ದು ಬಂದು ನಮ್ಮ ಹಿಂದೆ ನಿಂತ. ಸಾಹೇಬ ರಿಜಿಸ್ಟರಿನ ಹಾಳೆಗಳನ್ನು ತಿರುವುತ್ತಾನೆ. ಒಂದು ವರ್ಷದ ಪ್ರತಿ ರೈಲೂ ಅದರಲ್ಲಿದೆ, ಒಂದೂ ತಪ್ಪಿಲ್ಲ. ಇದು ಯಾರ ಅಕ್ಷರ ಎಂದು ಕೇಳುತ್ತಾನೆ. ನನ್ನದು ಎನ್ನುತ್ತಾಳೆ. ಅವನು ಹೊಗಳುವುದಿಲ್ಲ, ಬೈಯುವುದೂ ಇಲ್ಲ. ವಾರದ ನಂತರ ಹೊಸ ಗೇಟಿನವನು ಬರುತ್ತಾನೆ. ಅವಳು ನಿಶಾನೆಗಳನ್ನು ಮಡಚಿ ಅವನ ಕೈಗೆ ಕೊಟ್ಟು, ಮುಂಜಾನೆಯ ಗಾಡಿ ಸೋಮವಾರ ತಡವಾಗಿ ಬರುತ್ತದೆ, ಗಾಬರಿಯಾಗಬೇಡ ಎಂದು ಹೇಳುತ್ತಾಳೆ. ಎತ್ತಿನ ಚಕ್ಕಡಿಯಲ್ಲಿ ಗಂಡನನ್ನು ಮಲಗಿಸಿಕೊಂಡು ಹೊರಡುತ್ತಾಳೆ. ಗೇಟು ಹಾಕಿದೆ. ರೈಲು ಹೋಗುವವರೆಗೆ ಅವಳೂ ಎಲ್ಲರ ಹಾಗೆ ನಿಲ್ಲಬೇಕು. ನಿಲ್ಲುತ್ತಾಳೆ. ಅಲ್ಲಿಗೆ ಮುಗಿಯಿತು.

"ಕಡೀಕೂ ಹೊಡೆದಾಟ ಬರ್ಲಿಲ್ಲ ನೋಡು" ಎಂದ ವಿರೂಪಾಕ್ಷಪ್ಪ. ಅದರಲ್ಲಿ ಮೊದಲಿನ ಸಿಟ್ಟು ಇರಲಿಲ್ಲ.

ಗದಿಗೆವ್ವ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಾಳೇನೋ ಎಂದುಕೊಂಡೆ. ಇಲ್ಲ. "ನಾ ಆಗಿದ್ರ ಆ ನಿಶಾನಿ ಮಡಚಿ ಕೊಡತಿದ್ದಿಲ್ಲ. ಬಿಸಾಕಿ ಬರ್ತಿದ್ದೆ" ಎಂದಳು. ಆಮೇಲೆ ಉಡಚಪ್ಪನಿಗೆ, "ನೀವು ಹೇಳಿದಷ್ಟ ಐತ್ರಿ ಅಣ್ಣಾರ. ಹೆಚ್ಚಿಲ್ಲ, ಕಮ್ಮಿ ಇಲ್ಲ. ಇಂಥಾವು ಮತ್ತ ಅದಾವೇನು?"

ಉಡಚಪ್ಪ ಫೋನನ್ನು ಜೇಬಿಗೆ ಹಾಕಿಕೊಂಡ. "ಅದಾವವ್ವ" ಎಂದ. "ರಗಡ ಅದಾವು. ಯಾರೂ ನೋಡಿಲ್ಲ ಅಷ್ಟ."

ನಾಲ್ವರೂ ಒಂದೇ ಬಸ್ಸು ಹತ್ತಿದೆವು. ಬ್ಯಾಡಗಿಯ ಬಸ್ಸು ಮೋಟೆಬೆನ್ನೂರಿನ ಮೇಲೆಯೇ ಹೋಗುತ್ತದೆ. ಅವರಿಬ್ಬರು ಮುಂದಿನ ಸೀಟಿನಲ್ಲಿ, ನಾವು ಹಿಂದೆ. ಉಡಚಪ್ಪ ಮುಂದಕ್ಕೆ ಬಾಗಿ ಸೀಟಿನ ಕಂಬಿ ಹಿಡಿದು ಗದಿಗೆವ್ವನಿಗೆ ಏನೋ ಹೇಳುತ್ತಿದ್ದ. ಅವಳು ಅರ್ಧ ತಿರುಗಿ ಕೇಳುತ್ತಿದ್ದಳು. ಅಷ್ಟು ದಣಿದ ಮನುಷ್ಯನಿಗೆ ಆ ಮಾತು ಎಲ್ಲಿಂದ ಬರುತ್ತಿತ್ತೋ.

ಮುಂದಿನ ಶನಿವಾರ, ಮಂಗಳವಾರ ಎರಡು ಸಲವೂ ಉಡಚಪ್ಪ ಡಯಾಲಿಸಿಸ್‌ಗೆ ಬಂದ. ವಿರೂಪಾಕ್ಷಪ್ಪ ಮತ್ತೆ ಬಹುವಚನಕ್ಕೆ ತಿರುಗಿದ್ದ. ತನ್ನ ಹೊಸ ಪಾಳಿ ಬಂದಾಗ, ಯಾರೂ ಕೇಳದಿದ್ದರೂ, ಹಾಜಿರಾಬಿಗೆಂದು ಆ ಹತ್ತು ನಿಮಿಷ ಹಾಕಿಸುತ್ತೇನೆ ಎಂದಿದ್ದನಂತೆ. ಹಾಕಿಸಿದನೋ ಇಲ್ಲವೋ ನನಗೆ ತಿಳಿಯದು. ಅಷ್ಟರಲ್ಲಿ, ಬುಧವಾರ ಮುಂಜಾನೆ, ಮೈಲವ್ವ ಚಹಾ ತರುವಷ್ಟರಲ್ಲಿ ಉಡಚಪ್ಪ ಕೂತಲ್ಲೇ ಒರಗಿದ್ದ. ಬೆಂಚಿನ ಮೇಲೆ ಕೂತ ಆ ಎರಡು ತಾಸು ಇದಕ್ಕೆ ಕಾರಣವಾಯಿತೇ ಎಂದು ದವಾಖಾನೆಯಲ್ಲಿ ಕೇಳಿದೆ. ಹಾಗೇನಿಲ್ಲ ಎಂದರು. ಈ ರೋಗದಲ್ಲಿ ಹೃದಯ ಹೀಗೇ ನಿಲ್ಲುತ್ತದೆ ಎಂದರು. ನಂಬಲು ಪ್ರಯತ್ನಿಸುತ್ತಿದ್ದೇನೆ.

ಮಣ್ಣು ಮುಗಿದ ಮೇಲೆ ವಿರೂಪಾಕ್ಷಪ್ಪನ ನಂಬರಿಗೆ ಫೋನು ಮಾಡಿದೆ. ಎತ್ತಿದವಳು ಗದಿಗೆವ್ವ. ವಿಷಯ ಹೇಳಿದೆ.

"ಮಾಸ್ತರ್ರ" ಎಂದಳು. "ಅವತ್ತ ಬಸ್ಸಿನ್ಯಾಗ ಇನ್ನೊಂದ ಪಿಚ್ಚರ್ ಹೇಳಿದ್ರು ಅಣ್ಣಾರು. ಒಬ್ಬ ಗಡಿಯಾರ ರಿಪೇರಿ ಮಾಡಾಂವ ಅಂಗಡಿ ಮುಚ್ಚಿ ಕುಂತಿರ್ತಾನಂತ, ಒಂದು ಹೆಣ್ಣುಮಗಳು ದಿನಾ ಬಂದು ಬಾಗಿಲಾ ಬಡೀತಾಳಂತ. ಬಸ್ಸಿನ ಸಪ್ಪಳಕ್ಕ ಹೆಸರು ಕೇಳಿಸಲಿಲ್ಲ ನನಗ. ಮುಂದಿನ ಸಲ ಕೇಳೋಣ ಬಿಡು ಅಂದ್ಕೊಂಡೆ. ಯಾವುದ್ರಿ ಅದು?"

ಗೊತ್ತಿಲ್ಲ ಎಂದೆ.

"ನೀವು ಅವರ ಬಾಜೂಕ ಇದ್ರೆಲ್ಲ."

ಇದ್ದೆ. ಅವನು ಹೇಳುತ್ತಿದ್ದಾಗ ನಾನು ನಿದ್ದೆ ಹೋಗಿದ್ದೆ.